ಚುಕ್ಕೆ ಬಿದ್ದ ಕಾಳಿನ ಜಾಡು ಹಿಡಿದು

ಮೆಕ್ಕೆಜೋಳದ ಒಂದು ತೆನೆಯಲ್ಲಿರುವ ಕಾಳುಗಳೆಲ್ಲ ಒಂದೇ ತಾಯಿಯ ಮಕ್ಕಳು. ತೆನೆಯ ತುದಿಯಲ್ಲಿ ಇಳಿಬಿದ್ದಿರುವ ರೇಷ್ಮೆ ಎಳೆಗಳಿವೆಯಲ್ಲ, ಅವುಗಳಲ್ಲಿ ಒಂದೊಂದು ಎಳೆಗೆ ಒಂದೊಂದು ಕಾಳು. ಎಳೆಯ ಮೇಲೆ ಬಿದ್ದ ಪರಾಗದ ಕಣವು ಅದರ ಉದ್ದಕ್ಕೂ ನಳಿಕೆ ಬೆಳೆಸಿಕೊಂಡು ಹೋಗಿ ಒಳಗಿನ ಅಂಡವನ್ನು ಮುಟ್ಟಿದರೆ ಅಲ್ಲಿ ಕಾಳು ಕಟ್ಟುತ್ತದೆ, ಇಲ್ಲವಾದರೆ ಆ ಜಾಗ ಬೋಳು. ದಾವಣಗೆರೆ, ಹಾವೇರಿ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂಲಂಗಿ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆ ಹೇಗೆ ಜೊಳ್ಳಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನಮ್ಮ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಸಮನಾದ ಹಳದಿ, ಕಿತ್ತಳೆ ಬಣ್ಣದ ಹೈಬ್ರಿಡ್. ಈ ಬೆಳೆಯ ತವರಾದ ಮೆಕ್ಸಿಕೊದ ಕಡೆ ಹಾಗಲ್ಲ. ಅಲ್ಲಿನ ಹಳೆಯ ತಳಿಗಳಲ್ಲಿ ನೇರಳೆ, ಕೆಂಪು, ಕಪ್ಪು, ಬಿಳಿ ಕಾಳುಗಳಿರುತ್ತವೆ. ಬಿಳಿ ಮೈಯ ಮೇಲೆ ನೇರಳೆ ಚುಕ್ಕೆ ಸಿಡಿದ ಕಾಳುಗಳೂ ಇರುತ್ತವೆ.

ಒಂದೇ ಕಾಳಿನಲ್ಲಿ ಒಂದು ಕಡೆ ಬಣ್ಣ, ಇನ್ನೊಂದು ಕಡೆ ಇಲ್ಲ. ಅನುವಂಶಿಕ ಗುಣ ಎಂದರೆ ಸ್ಥಿರವಾದದ್ದು ಎಂದು ನಂಬಿದವರಿಗೆ ಇದು ತಲೆನೋವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರೋಲಿನ್ಸ್ ಎಮರ್ಸನ್ ಅವರಂಥ ದೊಡ್ಡ ಮೆಕ್ಕೆಜೋಳ ತಜ್ಞರು ಈ ಚುಕ್ಕೆ, ಗೀರುಗಳ ಬಗ್ಗೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬರೆದಿದ್ದರು. ಕೆಲವು ವಂಶವಾಹಿಗಳು ಚಂಚಲ ಎನ್ನುವಲ್ಲಿಗೆ ಆ ಮಾತು ನಿಂತಿತ್ತು. ಆ ಚಂಚಲತೆಯ ಒಳಗೆ ಇಳಿದು ನೋಡಿದವರು ಬಾರ್ಬರಾ ಮೆಕ್‌ಕ್ಲಿಂಟಾಕ್. ವಂಶವಾಹಿ ಭಾಗಗಳು ವರ್ಣತಂತುವಿನ ಮೇಲೆ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೋಗಬಲ್ಲವು ಎಂಬುದನ್ನು ಅವರು ಈ ಕಾಳುಗಳಿಂದ ಓದಿ ತೆಗೆದರು.

ಹುಡುಗ ಹುಡುಗಿಯರಿಗೆ ನಾವು ಮೊದಲು ಕೇಳುವ ಪ್ರಶ್ನೆಯೇ ನಿನ್ನ ಗುರಿ ಏನು ಎಂಬುದು. ಐದು ವರ್ಷದಲ್ಲಿ ಎಲ್ಲಿರುತ್ತೀಯ, ಹತ್ತು ವರ್ಷದಲ್ಲಿ ಎಲ್ಲಿ ಎಂದು ಬರೆಸುತ್ತೇವೆ. ಮೆಕ್‌ಕ್ಲಿಂಟಾಕ್ ಅವರ ಕತೆ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಅದು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬ ಕಾರಣಕ್ಕೆ. ಜಿಗಿಯುವ ವಂಶವಾಹಿಯನ್ನು ಕಂಡುಹಿಡಿಯಬೇಕೆಂದು ಅವರು ಹೊರಟಿರಲಿಲ್ಲ. ಹಾಗೊಂದು ವಸ್ತು ಇದೆ ಎಂಬ ಕಲ್ಪನೆಯೇ ಆಗ ಯಾರಿಗೂ ಇರಲಿಲ್ಲ. ಅವರಿಗಿದ್ದದ್ದು ಜೀವಕೋಶ ತನ್ನ ವರ್ಣತಂತುಗಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬ ವಿಶಾಲವಾದ ಕುತೂಹಲ, ಮತ್ತು ಗಿಡ ತೋರಿಸಿದ ಕಡೆಗೆ ಹೋಗಲು ಬೇಕಾದ ಎದೆ.

ಅವರು ಹುಟ್ಟಿದ್ದು 1902ರಲ್ಲಿ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಮಗಳು ಹೆಚ್ಚು ಓದಿದರೆ ಮದುವೆ ಕಷ್ಟ ಎಂದು ತಾಯಿ ಕಾಲೇಜಿಗೆ ಕಳಿಸಲು ಒಪ್ಪಿರಲಿಲ್ಲ. ವೈದ್ಯರಾಗಿದ್ದ ತಂದೆ ಮೊದಲ ಮಹಾಯುದ್ಧದ ಸೇವೆ ಮುಗಿಸಿ ಮನೆಗೆ ಬಂದ ಮೇಲೆ ದಾರಿ ತೆರೆಯಿತು. 1919ರಲ್ಲಿ ಕಾರ್ನೆಲ್ ಸೇರಿದರು, 1927ರಲ್ಲಿ ಸಸ್ಯವಿಜ್ಞಾನದಲ್ಲಿ ಪಿಎಚ್‌ಡಿ ಪಡೆದರು. ಮದುವೆ ಆಗಲೇ ಇಲ್ಲ. ಇಷ್ಟು ಸಾಕು, ಅವರ ಬದುಕಿನ ಮುಖ್ಯ ಸಂಗತಿಗಳೆಲ್ಲ ಹೊಲದಲ್ಲಿ ಮತ್ತು ಸೂಕ್ಷ್ಮದರ್ಶಕದ ಕೆಳಗೆ ನಡೆದವು.

ಸೂಕ್ಷ್ಮದರ್ಶಕದ ಕೆಲಸ ಹೀಗಿರುತ್ತಿತ್ತು. ಸೂಲಂಗಿ ಇನ್ನೂ ಎಲೆಯ ಮರೆಯಲ್ಲಿರುವಾಗಲೇ ಅದರೊಳಗಿನ ಎಳೆಯ ಪರಾಗಕೋಶಗಳನ್ನು ತೆಗೆಯಬೇಕು. ಗಾಜಿನ ಪಟ್ಟಿಯ ಮೇಲೆ ಇಟ್ಟು, ಕಾರ್ಮಿನ್ ಎಂಬ ಕೆಂಪು ಬಣ್ಣದ ಹನಿ ಹಾಕಿ, ಮೇಲೊಂದು ತೆಳುಗಾಜು ಮುಚ್ಚಿ ಹದವಾಗಿ ಒತ್ತಬೇಕು. ಒತ್ತಡ ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಕೂತು ಏನೂ ಕಾಣದು, ಹೆಚ್ಚಾದರೆ ಒಳಗಿರುವುದೆಲ್ಲ ಕಲಸಿಹೋಗುತ್ತದೆ. ಸರಿಯಾದ ಹಂತದಲ್ಲಿ ಹಿಡಿದರೆ ವರ್ಣತಂತುಗಳು ಉದ್ದಕ್ಕೆ ಬಿಚ್ಚಿಕೊಂಡು, ಅವುಗಳ ಮೇಲಿನ ಗಂಟು, ಗುಬಟುಗಳೂ ಸ್ಪಷ್ಟವಾಗಿ ಕಾಣುತ್ತವೆ. ಮೆಕ್ಕೆಜೋಳದ ಹತ್ತು ಜೋಡಿ ವರ್ಣತಂತುಗಳನ್ನು ಒಂದೊಂದಾಗಿ ಗುರುತು ಹಚ್ಚಿ, ಅಂಕಿ ಕೊಟ್ಟು, 1929ರಲ್ಲಿ ಪ್ರಕಟಿಸಿದವರು ಅವರೇ. 1931ರಲ್ಲಿ ತಮ್ಮ ವಿದ್ಯಾರ್ಥಿನಿ ಹ್ಯಾರಿಯೆಟ್ ಕ್ರೈಟನ್ ಜೊತೆ ಸೇರಿ, ಗುಣಗಳು ಅದಲುಬದಲಾದಾಗ ವರ್ಣತಂತುಗಳ ತುಂಡುಗಳೂ ನಿಜವಾಗಿ ಅದಲುಬದಲಾಗುತ್ತವೆ ಎಂದು ತೋರಿಸಿದರು. ಅದಕ್ಕೆ ಬಳಸಿದ್ದು ಒಂಬತ್ತನೇ ವರ್ಣತಂತು. ಅದರ ಒಂದು ತುದಿಯಲ್ಲಿ ದಪ್ಪ ಗುಬಟು ಇದ್ದು, ಕಣ್ಣಿಟ್ಟು ಹಿಂಬಾಲಿಸಲು ಅನುಕೂಲವಾಗಿತ್ತು. ಮುಂದಿನ ಎರಡು ದಶಕ ಅವರ ಜೊತೆಗಿದ್ದದ್ದು ಇದೇ ಒಂಬತ್ತನೇ ವರ್ಣತಂತು.

ನೋಡುವುದರಲ್ಲಿ ಅವರಿಗಿದ್ದ ತಾಳ್ಮೆಗೆ ಒಂದು ಪ್ರಸಂಗ ಹೇಳಬೇಕು. 1944ರಲ್ಲಿ ಹಳೆಯ ಗೆಳೆಯ ಜಾರ್ಜ್ ಬೀಡಲ್ ಮೆಕ್‌ಕ್ಲಿಂಟಾಕ್ ಅವರನ್ನು ಸ್ಟ್ಯಾನ್‌ಫರ್ಡ್‌ಗೆ ಕರೆಸಿಕೊಂಡರು. ಬ್ರೆಡ್ಡಿನ ಮೇಲೆ ಬೆಳೆಯುವ ನ್ಯೂರೊಸ್ಪೊರಾ ಎಂಬ ಬೂಷ್ಟಿನ ವರ್ಣತಂತುಗಳು ತೀರ ಚಿಕ್ಕವಾಗಿದ್ದು ಯಾರ ಎಣಿಕೆಗೂ ಸಿಕ್ಕಿರಲಿಲ್ಲ. ಕೆಲವು ದಿನ ಕಣ್ಣಿಟ್ಟು ನೋಡಿದರೂ ಮೆಕ್‌ಕ್ಲಿಂಟಾಕ್ ಅವರಿಗೂ ಏನೂ ಹೊಳೆಯಲಿಲ್ಲ. ಎದ್ದು ಹೋಗಿ ಆವರಣದ ನೀಲಗಿರಿ ಮರಗಳ ಕೆಳಗೆ ಕೂತರು. ತಪ್ಪು ನೋಟದಲ್ಲಿದೆ, ನೋಡುವ ಮನಸ್ಸನ್ನೇ ಹದಗೊಳಿಸಿಕೊಳ್ಳಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಮರಳಿ ಬಂದ ಮೇಲೆ ವರ್ಣತಂತುಗಳು ಒಂದೊಂದಾಗಿ ಬಿಡಿಯಾಗಿ ಕಾಣತೊಡಗಿದವು. ಒಟ್ಟು ಏಳು. ನೋಡುತ್ತಾ ಹೋದಂತೆ ತಾನು ಹೊರಗಿಲ್ಲ, ಅವುಗಳ ನಡುವೆಯೇ ಇದ್ದೇನೆ ಅನ್ನಿಸುತ್ತಿತ್ತು ಎಂದು ಮುಂದೆ ತಮ್ಮ ಜೀವನಚರಿತ್ರೆ ಬರೆದ ಎವೆಲಿನ್ ಫಾಕ್ಸ್ ಕೆಲ್ಲರ್ ಅವರಿಗೆ ಹೇಳಿದ್ದಾರೆ.

ಈಗ ಮುಖ್ಯ ಘಟನೆಗೆ ಬರೋಣ. ಅಷ್ಟರಲ್ಲಿ ಅವರು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬ ಸಂಶೋಧನಾ ಕೇಂದ್ರದಲ್ಲಿ ನೆಲೆ ನಿಂತಿದ್ದರು. ಅದಕ್ಕೂ ಮುಂಚೆ ಮಿಸೌರಿಯಲ್ಲಿ ಕೆಲಸವಿತ್ತು. ಅಲ್ಲಿ ತಮಗೆ ಭವಿಷ್ಯವಿಲ್ಲ ಅನ್ನಿಸಿದಾಗ ಬೇರೆ ಕೆಲಸ ಕೈಯಲ್ಲಿಲ್ಲದೆಯೇ 1941ರಲ್ಲಿ ಹೊರಟುಬಿಟ್ಟರು. ಆ ಬೇಸಿಗೆ ಜೋಳ ನೆಡಲು ಒಂದು ತುಂಡು ನೆಲ ಬೇಕಿತ್ತು, ಅದಕ್ಕಾಗಿ ಇಲ್ಲಿಗೆ ಬಂದರು. ಆ ವರ್ಷದ ಕೊನೆಗೆ ಕಾರ್ನೆಗಿ ಸಂಸ್ಥೆ ಅವರಿಗೆ ಅಲ್ಲೇ ಕೆಲಸ ಕೊಟ್ಟಿತು.

ಮುರಿದ ವರ್ಣತಂತುಗಳು ಆಗ ಅವರ ವಿಷಯ. ಮುರಿದ ಎರಡು ತುದಿಗಳು ಸಿಕ್ಕರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಶ ಒಡೆಯುವಾಗ ಆ ಜೋಡಿಯನ್ನು ಎರಡು ಕಡೆಯಿಂದ ಎಳೆದಂತಾಗಿ ಅದು ಮತ್ತೆ ಮುರಿಯುತ್ತದೆ, ಮತ್ತೆ ಅಂಟುತ್ತದೆ. ಈ ಚಕ್ರವನ್ನು ಅವರು ಆಗಲೇ ಬಿಡಿಸಿಟ್ಟಿದ್ದರು. ಇದನ್ನೇ ಸಲಕರಣೆ ಮಾಡಿಕೊಂಡು ಒಂಬತ್ತನೇ ವರ್ಣತಂತುವಿನ ಚಿಕ್ಕ ತೋಳಿನಲ್ಲಿ ಹೊಸ ರೂಪಾಂತರಗಳನ್ನು ಹುಟ್ಟಿಸುವುದು 1944ರ ಯೋಜನೆ. ಆ ಬೇಸಿಗೆಯಲ್ಲಿ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಮುರಿದ ಒಂಬತ್ತನೇ ವರ್ಣತಂತು ಪಡೆದ ಸುಮಾರು 450 ಗಿಡಗಳನ್ನು ಬೆಳೆಸಿದರು. ಪ್ರತಿಯೊಂದಕ್ಕೂ ಅದರದೇ ಪರಾಗ ಕೊಟ್ಟು, ಬಂದ ಕಾಳುಗಳನ್ನು ಗಾಜಿನಮನೆಯ ಮಡಿಗಳಲ್ಲಿ ಬಿತ್ತಿದರು.

ಬಯಸಿದ್ದ ರೂಪಾಂತರಗಳು ಬಂದವು. ಪ್ರಯೋಗ ಗೆದ್ದಿತ್ತು, ಪ್ರಬಂಧ ಬರೆಯಬಹುದಿತ್ತು. ಆದರೆ ಮಡಿಗಳಲ್ಲಿ ಬೇರೆ ಕೆಲವು ಸಸಿಗಳೂ ಎದ್ದಿದ್ದವು. ಅವುಗಳ ಹಸಿರು ಎಲೆಯ ಮೇಲೆ ಬಿಳಿ, ತಿಳಿ ಹಳದಿ ಗೀರುಗಳಿದ್ದವು. ಒಂದು ಗಿಡದ ಮರಿಗಳಲ್ಲಿ ಗೀರುಗಳು ಒಂದೇ ಬಗೆ, ಇನ್ನೊಂದರ ಮರಿಗಳಲ್ಲಿ ಬೇರೆಯದೇ ಬಗೆ. ಎಂದರೆ ಕೆಡುವುದರಲ್ಲೂ ಒಂದು ಕ್ರಮವಿತ್ತು. ಅವರು ಎಲೆಗಳನ್ನು ಹತ್ತಿರದಿಂದ ನೋಡುತ್ತಾ ಹೋದಾಗ ಅಕ್ಕಪಕ್ಕದ ಎರಡು ಪಟ್ಟಿಗಳು ಕಣ್ಣಿಗೆ ಬಿದ್ದವು. ಒಂದರಲ್ಲಿ ಗೀರುಗಳು ವಿಪರೀತ ಹೆಚ್ಚು, ಅದಕ್ಕೆ ತಾಗಿದ್ದರಲ್ಲಿ ವಿಪರೀತ ಕಡಿಮೆ. ಒಂದೇ ಕೋಶ ಒಡೆದು ಆದ ಎರಡು ಮರಿಕೋಶಗಳಿಂದ ಬೆಳೆದ ಪಟ್ಟಿಗಳು ಅವು. ಆ ಒಡೆಯುವ ಗಳಿಗೆಯಲ್ಲಿ ಒಂದು ಮರಿಕೋಶ ಕಳೆದುಕೊಂಡದ್ದನ್ನು ಇನ್ನೊಂದು ಪಡೆದುಕೊಂಡಿದೆ. ಯಾವುದೋ ಒಂದು ವಸ್ತು ಜಾಗ ಬದಲಿಸಿದೆ!

ಕೈಯಲ್ಲಿದ್ದ ಪ್ರಯೋಗವನ್ನು ಅವರು ಹಿಂದಕ್ಕೆ ಸರಿಸಿ ಈ ಸಸಿಗಳ ಬೆನ್ನು ಹತ್ತಿದರು. ಈ ಕತೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ತೀರ್ಮಾನವೇ. ಅದೇ 1944ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದರು. ಆ ಗೌರವ ಪಡೆದ ಮೂರನೆಯ ಮಹಿಳೆ ಅವರು. ಮರುವರ್ಷ ಅಮೆರಿಕದ ಜೆನೆಟಿಕ್ಸ್ ಸೊಸೈಟಿಗೆ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಮೊದಲ ಮಹಿಳೆ. ಕಳೆದುಕೊಳ್ಳಲು ಏನೂ ಇಲ್ಲದಾಗ ಹೊಸ ದಾರಿ ಹಿಡಿಯುವುದು ಒಂದು ಬಗೆಯ ಧೈರ್ಯ. ಎಲ್ಲವೂ ಕೈಗೆ ಬಂದ ಮೇಲೆ, ಉತ್ತರ ಸಿಗುತ್ತದೋ ಇಲ್ಲವೋ ತಿಳಿಯದ ಪ್ರಶ್ನೆಗೆ ನಲವತ್ತೆರಡರ ವಯಸ್ಸಿನಲ್ಲಿ ತನ್ನನ್ನು ಒಪ್ಪಿಸಿಕೊಳ್ಳುವುದು ಇನ್ನೂ ಹೆಚ್ಚಿನದು.

ಕೆಲಸ ಸಾಗಿದ್ದು ಜೋಳದ ವೇಗದಲ್ಲಿ. ಪ್ರತಿ ಎಳೆತೆನೆಗೂ ರೇಷ್ಮೆ ಹೊರಬರುವ ಮೊದಲೇ ಕಾಗದದ ಚೀಲ ಕಟ್ಟಬೇಕು, ಸೂಲಂಗಿಗೆ ಇನ್ನೊಂದು ಚೀಲ. ಬೇಕಾದ ಗಂಡಿನ ಪರಾಗವನ್ನು ಬೇಕಾದ ಹೆಣ್ಣಿಗೆ ಕೈಯಾರೆ ಉದುರಿಸಿ ಮತ್ತೆ ಕಟ್ಟಬೇಕು. ತೆನೆ ಬಲಿತ ಮೇಲೆ ಕಾಳು ಕಾಳನ್ನೂ ನೋಡಿ ದಾಖಲಿಸಬೇಕು. ಅಲ್ಲಿನ ಚಳಿಯಲ್ಲಿ ಹೊಲ ಕೊಡುವುದು ವರ್ಷಕ್ಕೆ ಒಂದೇ ಬೆಳೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವುದು ಮುಂದಿನ ಸುಗ್ಗಿಗೆ.

ಕೆಲವು ಸುಗ್ಗಿಗಳು ಕಳೆಯುವಷ್ಟರಲ್ಲಿ ಇಬ್ಬರು ಪಾತ್ರಧಾರಿಗಳು ಸ್ಪಷ್ಟವಾದರು. ಒಂದಕ್ಕೆ ಡಿಸೊಸಿಯೇಶನ್ ಎಂದು ಹೆಸರಿಟ್ಟರು, ಚಿಕ್ಕದಾಗಿ ಡಿಎಸ್. ಅದು ಇದ್ದ ಜಾಗದಲ್ಲೇ ಒಂಬತ್ತನೇ ವರ್ಣತಂತು ಮುರಿಯುತ್ತಿತ್ತು. ಇನ್ನೊಂದು ಆಕ್ಟಿವೇಟರ್, ಎಸಿ. ಅದು ಎಲ್ಲೇ ಇದ್ದರೂ ಸರಿ, ಅದಿದ್ದರೆ ಮಾತ್ರ ಡಿಎಸ್‌ಗೆ ಚಲನೆ. 1948ರ ಹೊತ್ತಿಗೆ ಡಿಎಸ್ ತನ್ನ ಜಾಗ ಬಿಟ್ಟು ಬೇರೆಡೆ ಹೋಗಿ ಕೂರುತ್ತದೆ ಎಂಬುದು ಖಚಿತವಾಯಿತು. ಕಾಳಿಗೆ ನೇರಳೆ ಬಣ್ಣ ಕೊಡುವ ವಂಶವಾಹಿಯ ಒಳಗೇ ಹೋಗಿ ಕೂತರೆ ಬಣ್ಣ ತಯಾರಿ ನಿಲ್ಲುತ್ತದೆ, ಕಾಳು ಬಿಳಿಯಾಗುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದೋ ಕೋಶದಲ್ಲಿ ಡಿಎಸ್ ಅಲ್ಲಿಂದ ಎದ್ದು ಹೋದರೆ ಆ ಕೋಶಕ್ಕೂ ಅದರ ಸಂತತಿಗೂ ಬಣ್ಣ ಮರಳುತ್ತದೆ. ಬೇಗ ಎದ್ದರೆ ಆ ಕೋಶದ ಸಂತತಿ ದೊಡ್ಡದು, ಆದ್ದರಿಂದ ಚುಕ್ಕೆಯೂ ದೊಡ್ಡದು. ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಮೆಕ್ಕೆಜೋಳದ ಕಾಳಿನ ತಿರುಳಿಗೆ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು ಪಾಲು ಬರುವುದರಿಂದ ಎಸಿಯನ್ನು ಒಂದು, ಎರಡು, ಮೂರು ಪಾಲಿನಷ್ಟು ಸೇರಿಸಿ ನೋಡಬಹುದಿತ್ತು. ಎಸಿ ಹೆಚ್ಚಾದಷ್ಟೂ ಡಿಎಸ್ ತಡವಾಗಿ ಏಳುತ್ತಿತ್ತು, ಚುಕ್ಕೆ ಕಿರಿದಾಗುತ್ತಿತ್ತು. ಬರಿಗಣ್ಣಿಗೆ ಕಾಣುವ ಒಂದು ಚುಕ್ಕೆಯ ಅಳತೆಯಿಂದ, ಕೋಶದೊಳಗೆ ಏನಾಯಿತು, ಯಾವಾಗ ಆಯಿತು ಎಂಬುದನ್ನು ಅವರು ಹೇಳಬಲ್ಲವರಾದರು. ಡಿಎನ್‌ಎಯ ರಚನೆ ಇನ್ನೂ ಯಾರಿಗೂ ತಿಳಿಯದ ಕಾಲದಲ್ಲಿ ಇಷ್ಟನ್ನು ಹೇಳಿದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗು.

ವಂಶವಾಹಿಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ, ಅಲುಗದೆ ಇರುತ್ತವೆ ಎಂಬುದು ಆಗಿನ ತಿಳಿವಳಿಕೆ. 1950ರಲ್ಲಿ ಮೆಕ್‌ಕ್ಲಿಂಟಾಕ್ ತಮ್ಮ ಫಲಿತಾಂಶದ ಸಾರವನ್ನು ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು, 1951ರ ಬೇಸಿಗೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ವಾರ್ಷಿಕ ಗೋಷ್ಠಿಯಲ್ಲಿ ವಿವರವಾಗಿ ಮಂಡಿಸಿದರು. ಸಭೆ ಅದನ್ನು ಹೇಗೆ ತೆಗೆದುಕೊಂಡಿತು ಎಂಬುದು ದಂತಕತೆಯಾಗಿದೆ. ಯಾರೂ ನಂಬಲಿಲ್ಲ, ಎಲ್ಲರೂ ತಿರಸ್ಕರಿಸಿದರು ಎನ್ನುತ್ತದೆ ಆ ದಂತಕತೆ. ನಿಜ ಇದಕ್ಕಿಂತ ಸಂಕೀರ್ಣ, ನನ್ನ ಪಾಲಿಗೆ ಇದಕ್ಕಿಂತ ಸ್ವಾರಸ್ಯದ್ದು. ಮಂಡನೆ ಬಹಳ ಜನಕ್ಕೆ ಅರ್ಥವಾಗಲಿಲ್ಲ, ಮೌನ ಎದುರಾಯಿತು. ಅದು ಅವರಿಗೆ ನೋವು ಕೊಟ್ಟದ್ದೂ ಹೌದು. ಆದರೆ ಇತಿಹಾಸಕಾರ ನಥಾನಿಯಲ್ ಕಂಫರ್ಟ್ ದಾಖಲೆಗಳನ್ನು ತೆಗೆದು ತೋರಿಸುವಂತೆ, ವಂಶವಾಹಿ ಭಾಗಗಳು ಜಾಗ ಬದಲಿಸುತ್ತವೆ ಎಂಬುದನ್ನು ಮೆಕ್ಕೆಜೋಳದ ತಜ್ಞರು ಹೆಚ್ಚು ತಕರಾರಿಲ್ಲದೆ ಒಪ್ಪಿದರು. ವಿಸ್ಕಾನ್ಸಿನ್‌ನಲ್ಲಿ ಬ್ರಿಂಕ್ ಮತ್ತು ನಿಲಾನ್ 1952ರಲ್ಲೇ ತಮ್ಮ ಜೋಳದಲ್ಲೂ ಅಂಥದೇ ಚಲನೆಯನ್ನು ಕಂಡು ಬರೆದರು.

ಒಪ್ಪಿಗೆಯಾಗದೆ ಉಳಿದದ್ದು ಮೆಕ್‌ಕ್ಲಿಂಟಾಕ್ ಅವರಿಗೆ ಅತ್ಯಂತ ಪ್ರಿಯವಾಗಿದ್ದ ವಿಚಾರ. ಒಂದೇ ಬೀಜದಿಂದ ಬೇರು, ಎಲೆ, ಹೂ ಬೇರೆ ಬೇರೆಯಾಗಿ ರೂಪುಗೊಳ್ಳುವುದು ಹೇಗೆ? ಎಲ್ಲ ಕೋಶಗಳಲ್ಲೂ ಅದೇ ವಂಶವಾಹಿಗಳಿರುವಾಗ ಯಾವುದು ಎಲ್ಲಿ ಕೆಲಸ ಮಾಡಬೇಕೆಂದು ಹೇಳುವವರು ಯಾರು? ತಾವು ಕಂಡ ಈ ಚಲಿಸುವ ಭಾಗಗಳೇ ಆ ನಿಯಂತ್ರಕಗಳು ಎಂದು ಅವರು ನಂಬಿದ್ದರು. ಅವುಗಳನ್ನು ಕರೆಯುತ್ತಿದ್ದದ್ದೂ ನಿಯಂತ್ರಕ ಘಟಕಗಳು ಎಂದೇ. ಅವುಗಳ ಚಲನೆಯಿಂದಲೇ ಗಿಡ ರೂಪುಗೊಳ್ಳುತ್ತದೆ ಎಂಬ ಅವರ ಸಿದ್ಧಾಂತ ಪೂರ್ತಿಯಾಗಿ ನಿಲ್ಲಲಿಲ್ಲ. ಪ್ರಶ್ನೆ ಮಾತ್ರ ಕಾಲಕ್ಕಿಂತ ಮುಂದಿತ್ತು. 1961ರಲ್ಲಿ ಫ್ರಾನ್ಸಿನ ಜಾಕೋಬ್ ಮತ್ತು ಮೊನೊ ಬ್ಯಾಕ್ಟೀರಿಯಾದಲ್ಲಿ ವಂಶವಾಹಿಗಳನ್ನು ಚಾಲೂ ಮಾಡುವ, ನಿಲ್ಲಿಸುವ ವ್ಯವಸ್ಥೆಯನ್ನು ತೋರಿಸಿ ಹೆಸರಾದಾಗ, ಅದಕ್ಕೂ ತಮ್ಮ ಜೋಳದ ವ್ಯವಸ್ಥೆಗೂ ಇರುವ ಹೋಲಿಕೆಯನ್ನು ಮೆಕ್‌ಕ್ಲಿಂಟಾಕ್ ಅದೇ ವರ್ಷ ಸಂತೋಷದಿಂದಲೇ ಬರೆದು ತೋರಿಸಿದರು.

1953ರಲ್ಲಿ ಒಂದು ಪ್ರಬಂಧ ಬರೆದರು, ಅದರ ಪ್ರತಿ ಬೇಕೆಂದು ಕೇಳಿದವರು ತೀರ ಕಡಿಮೆ. ಆಮೇಲೆ ಈ ವಿಷಯದ ಫಲಿತಾಂಶಗಳನ್ನು ಹೆಚ್ಚಾಗಿ ಕಾರ್ನೆಗಿ ಸಂಸ್ಥೆಯ ವಾರ್ಷಿಕ ವರದಿಯಲ್ಲೇ ಬರೆಯುತ್ತಾ ಬಂದರು. ಅದನ್ನು ಓದುವವರು ಎಷ್ಟು ಜನ? ಆದರೂ ಜೋಳ ನೆಡುವುದು ನಿಲ್ಲಲಿಲ್ಲ. 1957ರ ನಂತರ ಲ್ಯಾಟಿನ್ ಅಮೆರಿಕದ ಹಳೆಯ ಮೆಕ್ಕೆಜೋಳ ತಳಿಗಳ ವರ್ಣತಂತುಗಳನ್ನು ಅಭ್ಯಾಸ ಮಾಡಿ, ಗುಬಟುಗಳ ಜಾಡು ಹಿಡಿದು, ಜನರೊಂದಿಗೆ ಬೀಜ ಯಾವ ದಾರಿಯಲ್ಲಿ ಸಾಗಿತು ಎಂದು ಗುರುತಿಸುವ ಕೆಲಸವನ್ನೂ ಹಚ್ಚಿಕೊಂಡರು. ಅದು ಪುಸ್ತಕವಾಗಿ ಬಂದದ್ದು 1981ರಲ್ಲಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂಥ ಧೈರ್ಯವನ್ನು ನಾವು ಒಬ್ಬರ ಎದೆಗಾರಿಕೆಯಾಗಿ ಮಾತ್ರ ಕೊಂಡಾಡುತ್ತೇವೆ. ಅದರ ಹಿಂದೆ ತಿಂಗಳು ತಿಂಗಳು ತಪ್ಪದೆ ಬಂದ ಸಂಬಳವಿತ್ತು, ಒಂದು ಗಾಜಿನಮನೆಯಿತ್ತು, ಒಂದು ತುಂಡು ಹೊಲವಿತ್ತು. ಈ ವರ್ಷ ಎಷ್ಟು ಪ್ರಬಂಧ ಬರೆದಿರಿ ಎಂದು ಪೀಡಿಸದ ಸಂಸ್ಥೆಯಿತ್ತು. ಪಾಠ ಹೇಳುವ ಹೊರೆ ಇರಲಿಲ್ಲ. 1967ರಲ್ಲಿ ನಿವೃತ್ತರಾದ ಮೇಲೂ ಅವರಿಗೆ ಪ್ರಯೋಗಾಲಯದಲ್ಲಿ ಜಾಗ ಉಳಿಯಿತು. ಮಕ್ಕಳಿಗೆ ಧೈರ್ಯ ಹೇಳುವ ನಾವು, ಆ ಧೈರ್ಯ ಊರಿ ನಿಲ್ಲುವ ನೆಲವನ್ನು ಎಷ್ಟು ಜನರಿಗೆ ಕೊಟ್ಟಿದ್ದೇವೆ? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷಕ್ಕೆ ಫಲ ತೋರಿಸಲೇಬೇಕಾದ ಯುವ ಸಂಶೋಧಕರನ್ನು ಕಂಡಾಗ ಈ ಪ್ರಶ್ನೆ ನನ್ನನ್ನು ಚುಚ್ಚುತ್ತದೆ.

ಜಗತ್ತು ಅವರ ಕಡೆ ತಿರುಗಿದ್ದು ಬ್ಯಾಕ್ಟೀರಿಯಾದ ದಾರಿಯಿಂದ. 1960ರ ದಶಕದ ಕೊನೆಗೆ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಎಲ್ಲಿಂದಲೋ ಬಂದು ಸೇರಿಕೊಳ್ಳುವ ತುಣುಕುಗಳು ಸಿಕ್ಕವು. ಔಷಧಕ್ಕೆ ಜಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹರಡುವುದರಲ್ಲೂ ಇಂಥ ತುಣುಕುಗಳ ಕೈವಾಡವಿದೆ ಎಂದು 1970ರ ದಶಕದಲ್ಲಿ ಗೊತ್ತಾಯಿತು. ಆಮೇಲೆ ಹಣ್ಣುನೊಣದಲ್ಲಿ ಸಿಕ್ಕವು. 1980ರ ದಶಕದ ಆರಂಭದಲ್ಲಿ ನೀನಾ ಫೆಡರಾಫ್ ಮತ್ತು ಸಂಗಡಿಗರು ಎಸಿ, ಡಿಎಸ್‌ಗಳನ್ನೇ ಡಿಎನ್‌ಎ ರೂಪದಲ್ಲಿ ಹಿಡಿದರು. ಎಸಿ ತನ್ನನ್ನು ಕತ್ತರಿಸಿ ಬೇರೆಡೆ ಅಂಟಿಸುವ ಕಿಣ್ವವನ್ನು ತಾನೇ ತಯಾರಿಸುತ್ತದೆ. ಡಿಎಸ್ ಎಂದರೆ ಆ ಸಾಮರ್ಥ್ಯದ ಭಾಗವನ್ನು ಕಳೆದುಕೊಂಡ ಎಸಿ, ಅದಕ್ಕೇ ಎಸಿಯ ನೆರವಿಲ್ಲದೆ ಏಳಲಾರದು. ಮೂರು ದಶಕ ಹಿಂದೆ ಚುಕ್ಕೆಗಳನ್ನು ನೋಡಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

1983ರ ಅಕ್ಟೋಬರ್‌ನಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಸುದ್ದಿ ಅವರಿಗೆ ತಿಳಿದದ್ದು ರೇಡಿಯೊದಿಂದ. ವಯಸ್ಸು 81. ಈ ವಿಭಾಗದಲ್ಲಿ ಪ್ರಶಸ್ತಿಯನ್ನು ಯಾರೊಂದಿಗೂ ಹಂಚಿಕೊಳ್ಳದೆ ಪಡೆದ ಮಹಿಳೆ ಇಂದಿಗೂ ಅವರೊಬ್ಬರೇ. ಪ್ರಶಸ್ತಿ ಕೊಟ್ಟದ್ದು ಚಲಿಸುವ ಭಾಗಗಳನ್ನು ಕಂಡುಹಿಡಿದದ್ದಕ್ಕೆ. ನಿಯಂತ್ರಣದ ಬಗ್ಗೆ ಅವರು ಕಟ್ಟಿದ್ದ ದೊಡ್ಡ ವಿಚಾರಕ್ಕೆ ಅಲ್ಲಿ ಜಾಗವಿರಲಿಲ್ಲ.

ಆಮೇಲೆ ತಿಳಿದ ಸಂಗತಿಗಳು ಇನ್ನೂ ದೊಡ್ಡವು. ಮೆಕ್ಕೆಜೋಳದ ಡಿಎನ್‌ಎಯನ್ನು ಪೂರ್ತಿ ಓದಿ 2009ರಲ್ಲಿ ಪ್ರಕಟಿಸಿದಾಗ ಅದರ ಸುಮಾರು ಶೇ 85ರಷ್ಟು ಇಂಥ ಚಲಿಸುವ ತುಣುಕುಗಳಿಂದಲೇ ಆದದ್ದು ಎಂದು ಗೊತ್ತಾಯಿತು. ಮನುಷ್ಯರ ಡಿಎನ್‌ಎಯಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಇವುಗಳ ಸಂತತಿಯೇ, ಬಹುಪಾಲು ಈಗ ಅಲುಗದೆ ಬಿದ್ದಿವೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಟಾಣಿಯ ಸಂಗತಿ. ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಗ್ರೆಗರ್ ಮೆಂಡೆಲ್ ದುಂಡು ಬಟಾಣಿ, ಸುಕ್ಕು ಬಟಾಣಿಗಳನ್ನು ಎಣಿಸಿ ನಿಯಮ ಕಟ್ಟಿದ್ದನ್ನು ಹೈಸ್ಕೂಲಿನಲ್ಲೇ ಓದುತ್ತೇವೆ. ಆ ಸುಕ್ಕು ಏಕೆ ಎಂಬುದನ್ನು ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಮದನ್ ಭಟ್ಟಾಚಾರ್ಯ ಮತ್ತು ಸಂಗಡಿಗರು 1990ರಲ್ಲಿ ಪತ್ತೆ ಮಾಡಿದರು. ಪಿಷ್ಟಕ್ಕೆ ಕವಲು ಕೊಡುವ ಕಿಣ್ವದ ವಂಶವಾಹಿಯೊಳಗೆ ಒಂದು ತುಣುಕು ಹೊಕ್ಕು ಕೂತಿದೆ. ಅದು ಮೆಕ್‌ಕ್ಲಿಂಟಾಕ್ ಜೋಳದಲ್ಲಿ ಕಂಡ ಎಸಿ, ಡಿಎಸ್‌ಗಳ ಬಳಗಕ್ಕೇ ಸೇರಿದ್ದು. ಅನುವಂಶಿಕತೆ ಅಚಲ ಎಂಬ ಪಾಠಕ್ಕೆ ಉದಾಹರಣೆಯಾಗಿದ್ದ ಕಾಳಿನಲ್ಲೇ ಜಿಗಿಯುವ ವಂಶವಾಹಿ ಅಡಗಿತ್ತು.

1983ರ ಡಿಸೆಂಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಮೆಕ್‌ಕ್ಲಿಂಟಾಕ್ ನೊಬೆಲ್ ಉಪನ್ಯಾಸ ಮಾಡಿದರು. ಹಳೆಯ ಗೆಲುವನ್ನು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ವೇದಿಕೆ ಇಲ್ಲ. ಅವರು ಅಲ್ಲಿ ಮಾತಾಡಿದ್ದು, ಊಹಿಸದ ಆಘಾತ ಬಂದಾಗ ಕೋಶ ತನ್ನ ವಂಶವಾಹಿಗಳನ್ನು ಹೇಗೆ ಹೊಸದಾಗಿ ಜೋಡಿಸಿಕೊಳ್ಳುತ್ತದೆ ಎಂಬುದರ ಬಗ್ಗೆ. ವರ್ಣತಂತು ಮುರಿದದ್ದು ಕೋಶಕ್ಕೆ ಹೇಗೆ ತಿಳಿಯುತ್ತದೆ, ಅದನ್ನು ಸರಿಪಡಿಸಲು ಅದು ಏನನ್ನು ಕರೆಸಿಕೊಳ್ಳುತ್ತದೆ, ಕೋಶಕ್ಕೆ ತನ್ನ ಬಗ್ಗೆ ಎಷ್ಟು ಗೊತ್ತಿದೆ ಎಂಬ ಪ್ರಶ್ನೆಗಳನ್ನು ಮುಂದಿನವರ ಕೈಗೆ ಒಪ್ಪಿಸಿದರು. 1992ರಲ್ಲಿ ತೀರಿಕೊಳ್ಳುವವರೆಗೂ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಅವರ ಕೆಲಸದ ಜಾಗವಾಗಿಯೇ ಇತ್ತು. ಬರ, ಸೋಂಕು, ಅಂಗಾಂಶ ಕೃಷಿಯ ಒತ್ತಡದಲ್ಲಿ ಸಸ್ಯಗಳೊಳಗೆ ಮಲಗಿದ್ದ ಚಲಿಸುವ ತುಣುಕುಗಳು ಏಳುವುದನ್ನು ಆಮೇಲಿನ ಸಂಶೋಧಕರು ಕಂಡಿದ್ದಾರೆ. ಆ ಕೆಲಸ ಈಗಲೂ ನಡೆದಿದೆ.